ಲಿಂಗಯ್ಯ ಮಾವನ ಉಗ್ಗು

ನಮ್ಮೂರಿನಲ್ಲಿ ಯಾರೂ ಯಾರ ಕೈಯನ್ನೂ ಸುಮ್ಮನೆ ಹಿಡಿಯುವುದಿಲ್ಲ. ನಮಸ್ಕಾರವನ್ನು ಮಾರು ದೂರದಿಂದಲೇ ಮುಗಿಸುತ್ತೇವೆ. ಇಬ್ಬರು ಅಂಗೈಗೆ ಅಂಗೈ ಕೂಡಿಸಿ ಒಬ್ಬರು ‘ಕೊಟ್ಟೆ’ ಅಂದು ಇನ್ನೊಬ್ಬರು ‘ತಗೊಂಡೆ’ ಅಂದರೆ ಕಾಯಿಲೆ ಈ ಮೈಯಿಂದ ಆ ಮೈಗೆ ದಾಟುತ್ತದೆ. ಮಗಳ ಪರೀಕ್ಷೆಯ ದಿನ ಅವಳ ಜ್ವರ ತಾಯಿಗೆ ಹೋಗಿರುತ್ತದೆ. ಮುಹೂರ್ತದ ಹೊತ್ತಿಗೆ ಮದುಮಗನ ನೆಗಡಿಯನ್ನು ಇಸಿದುಕೊಂಡ ಭಾವಮೈದುನ ಛತ್ರದ ಹಿಂದುಗಡೆ ಸೀನುತ್ತ ಕೂತಿರುತ್ತಾನೆ. ಹಬ್ಬದ ಹಿಂದಿನ ದಿನ ಅತ್ತೆಯ ಸೊಂಟನೋವು ಯಾವ ಸೊಸೆಯ ಪಾಲಿಗೆ ಅನ್ನುವ ಜಗಳದಲ್ಲಿ ಮನೆಗಳು ಪಾಲಾಗಿವೆ. ರಕ್ತಸಂಬಂಧ ಅಥವಾ ಮದುವೆಯ ಸಂಬಂಧ ಇದ್ದವರಲ್ಲಿ ಮಾತ್ರ ಈ ಕೊಡು-ಕೊಳ್ಳುವಿಕೆ ನಡೆಯಬೇಕೆಂಬುದು ಊರಿನ ಕಟ್ಟಳೆ. ರೈಲ್ವೆ ಗೇಟು ದಾಟಿದರೆ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ಅವರವರ ನೋವು ಅವರವರಿಗೇ.

ಇನ್ನೂ ಶಾಲೆಗೆ ಸೇರದ ಮಕ್ಕಳ ವಿಷಯದಲ್ಲಿ ಮಾತ್ರ ನಾವು ಬಹಳ ಬಿಗಿ. ಅವರ ಅಂಗೈ ಬಾಗಿಲಿಲ್ಲದ ಮನೆ. ಅವರು ‘ತಗೊಂಡೆ’ ಅನ್ನಬೇಕಾಗಿಲ್ಲ, ದುಷ್ಟರು ಯಾರು ಬೇಕಾದರೂ ತಮ್ಮದನ್ನು ಜಾರಿಸಿಬಿಡಬಹುದು. ಆದ್ದರಿಂದ ಪುಟ್ಟ ಮಕ್ಕಳನ್ನು ನಾವು ಮಣಿಕಟ್ಟು ಹಿಡಿದೇ ನಡೆಸುತ್ತೇವೆ. ಮಗುವಿಗೆ ಕಾಯಿಲೆ ಜಾರಿಸಿದವರು ಸಿಕ್ಕಿಬಿದ್ದರೆ ಅದನ್ನು ವಾಪಸು ತಗೊಳ್ಳಬೇಕು, ಮೇಲೆ ಅವರ ಬಲಗೈಗೆ ವರ್ಷಪೂರ್ತಿ ಬಟ್ಟೆಯ ಚೀಲ ಕಟ್ಟುತ್ತಾರೆ. ಚೀಲದ ಕೈಯವರನ್ನು ಶಾಲೆಗೂ ಸೇರಿಸುವುದಿಲ್ಲ, ಮದುವೆಮನೆಗೂ ಕರೆಯುವುದಿಲ್ಲ.

ಕಟ್ಟಳೆಯಲ್ಲಿ ಒಂದು ವಿನಾಯಿತಿ ಇದೆ, ಅದು ನನ್ನಂಥವರಿಗಾಗಿ. ಗೇಟಿನಾಚೆಯ ವಿಶ್ವವಿದ್ಯಾಲಯದಲ್ಲಿ ಆರೋಗ್ಯದ ಯಾವುದಾದರೂ ವಿಭಾಗದಲ್ಲಿ ಎಂ.ಎಸ್ಸಿ. ಮಾಡುವವರು ಆ ವಿಭಾಗಕ್ಕೆ ಸೇರಿದ ಒಂದು ಕಾಯಿಲೆಯನ್ನು ಊರಿನ ಯಾರಿಂದಾದರೂ ಪಡೆದು, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಹೊರಬೇಕು. ಹುಣ್ಣಿಮೆಯ ದಿನ ವಿಶ್ವವಿದ್ಯಾಲಯದ ಮೇಡಂ ನಮ್ಮ ಪುರಭವನಕ್ಕೆ ಬರುತ್ತಾರೆ. ಕಾಯಿಲೆ ಕೊಟ್ಟವರನ್ನು ಕರೆದು ‘ಹೊತ್ತರಾ?’ ಎಂದು ಕೇಳುತ್ತಾರೆ. ಹೊತ್ತರು ಅಂದರೆ ಸೀಟು. ಅಂಕಪಟ್ಟಿ ನೋಡುವುದು ಆಮೇಲೆ.

ಹೀಗಾಗಿ ಸೀಟಿನ ಕಾಲ ಬಂತೆಂದರೆ ಡಿಗ್ರಿ ಮುಗಿಸಿದ ನಮಗೆ ಎಲ್ಲಿಲ್ಲದ ಮರ್ಯಾದೆ. ವರ್ಷವೆಲ್ಲ ನನ್ನ ಮುಖ ಕಂಡರೆ ಮೂತಿ ತಿರುಗಿಸುತ್ತಿದ್ದ ಸೊಸೈಟಿ ಬೀದಿಯ ಸಾಕಮ್ಮಜ್ಜಿ ಒಂದು ಬೆಳಿಗ್ಗೆ ಕೋಡುಬಳೆ ತಂದಿಟ್ಟು, “ಪಾರಿ, ನೀನು ಮಂಡಿ ಓದೋಕೆ ಹೋಗವ್ವ. ನನ್ನ ಮಂಡಿ ಐತೆ, ಎರಡೂ ಬೇಕಾದ್ರೂ ತಗೋ” ಅಂದಳು. ದಾರಿಯಲ್ಲಿ ಸಿಕ್ಕವರೆಲ್ಲ ತಮ್ಮ ಬೆನ್ನು, ಭುಜ, ಹಿಮ್ಮಡಿಗಳ ಗುಣಗಾನ ಮಾಡುತ್ತಿದ್ದರು. ಫಿಸಿಯೋಥೆರಪಿ ಅಂದರೆ ಊರಿಗೆ ಊರೇ ಸಾಲು ನಿಲ್ಲುತ್ತದೆ. ಕಣ್ಣಿನ ವಿಭಾಗಕ್ಕೆ ಪೊರೆ ಕೊಡುವವರಿದ್ದಾರೆ, ಉಸಿರಾಟದ ವಿಭಾಗಕ್ಕೆ ದಮ್ಮು ಕೊಡುವವರಿದ್ದಾರೆ. ಸಾರ್ವಜನಿಕ ಆರೋಗ್ಯ ಅಂತ ಒಂದು ವಿಭಾಗವಿದೆ. ಅದಕ್ಕೆ ಯಾವ ಕಾಯಿಲೆ ಹೊರಬೇಕೆಂದು ಯಾರಿಗೂ ಗೊತ್ತಿಲ್ಲದ ಕಾರಣ ನಮ್ಮೂರಿನಿಂದ ಇದುವರೆಗೆ ಒಬ್ಬರೂ ಅಲ್ಲಿಗೆ ಹೋಗಿಲ್ಲ.

ನನ್ನ ಹೆಸರು ಪಾರಿಜಾತ. ಹೆಸರು ಹೂವಿನದು, ಬಾಯಿ ಮಾತ್ರ ಸಂತೆಯದು ಅನ್ನುತ್ತಾಳೆ ಅಮ್ಮ. ಅವಳು ಹಾಲಿನ ಬೂತ್ ನಡೆಸುತ್ತಾಳೆ, ಅವಳ ಬಾಯಿಯೇನೂ ಕಡಿಮೆಯದಲ್ಲ. ಮನೆಗೆ ನಾನು ಹಿರಿಮಗಳು. ನಮ್ಮೂರಿನಲ್ಲಿ ಹಿರಿಮಗಳು ಅಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಅಮ್ಮನ ತಲೆಶೂಲೆ, ತಮ್ಮನ ಮಂಗನಬಾವು, ಚಿಕ್ಕಮ್ಮನ ತಿಂಗಳ ಹೊಟ್ಟೆನೋವು, ಸೋದರತ್ತೆಯ ಹಲ್ಲು, ಎಲ್ಲವೂ ಒಂದಲ್ಲ ಒಂದು ದಿನ ನನ್ನ ಅಂಗೈಗೆ ಬಂದಿವೆ. ‘ಪಾರಿ ಗಟ್ಟಿಗಿತ್ತಿ, ತಡ್ಕತಾಳೆ’ ಎಂದು ಹೊಗಳಿ ಹೊಗಳಿ ಕೊಟ್ಟಿದ್ದಾರೆ. ಗೇಟಿನಾಚೆ ಹೋಗಿ, ನನ್ನ ನೋವು ಮಾತ್ರ ಅನುಭವಿಸಿಕೊಂಡು ಎರಡು ವರ್ಷ ಓದಬೇಕು, ಆಮೇಲೆ ಅಲ್ಲೇ ಕೆಲಸ ಹಿಡಿಯಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಸೀಟಿಗಾಗಿ ನಾನು ಏನು ಬೇಕಾದರೂ ಮಾಡುವವಳಿದ್ದೆ, ಇನ್ನೊಂದು ನೋವು ಹೊರುವುದನ್ನು ಬಿಟ್ಟು.

ಹಾಗೆ ಲೆಕ್ಕ ಹಾಕುತ್ತಿರುವಾಗ ಹೊಳೆದದ್ದು ಮಾತು ಮತ್ತು ಶ್ರವಣದ ವಿಭಾಗ. ಗಿರಣಿ ಬೋರಲಿಂಗಯ್ಯನವರ, ಅಂದರೆ ನಮ್ಮ ಲಿಂಗಯ್ಯ ಮಾವನ ಉಗ್ಗು. ಉಗ್ಗು ಅಂದರೆ ನೋವಿಲ್ಲ, ಜ್ವರವಿಲ್ಲ, ರಾತ್ರಿ ನಿದ್ದೆ ಕೆಡುವುದಿಲ್ಲ. ಯಾರೂ ಇದುವರೆಗೆ ಅದನ್ನು ಕೇಳಿರಲಿಲ್ಲ, ಅವರೂ ಯಾರ ಮುಂದೆಯೂ ಅದನ್ನು ಹಿಡಿದುಕೊಂಡು ಹೋಗಿರಲಿಲ್ಲ. ಎಂಥ ಬುದ್ಧಿವಂತೆ ನಾನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಲಿಂಗಯ್ಯ ಮಾವ ಗಿರಣಿ ಇಟ್ಟಿದ್ದೇ ಮಾತಿನ ಕಾಟ ತಪ್ಪಲಿ ಎಂದಿರಬೇಕು. ಗಿರಣಿಯ ಸದ್ದಿನಲ್ಲಿ ಯಾರಿಗೂ ಮಾತು ಬೇಕಿಲ್ಲ. ಬೆರಳು ಉಜ್ಜಿದರೆ ನುಣ್ಣಗೆ ಬೀಸಬೇಕು, ಅಂಗೈ ಅಗಲಿಸಿದರೆ ತರಿ. ಹೊರಗೆ ಬಂದಾಗ ಅವರು ‘ನ್... ನ್...’ ಎಂದು ಶುರು ಮಾಡಿದರೆ ಎದುರಿನವರು “ನಾಳೆ ಬರ್ಬೇಕಾ? ಆಯ್ತು ಬುಡಿ” ಎಂದು ತಾವೇ ಮುಗಿಸಿ ಹೊರಡುತ್ತಿದ್ದರು. ಅವರು ಹೇಳಹೊರಟಿದ್ದು ನಾಳೆಯ ವಿಷಯವೋ ನುಚ್ಚಿನ ವಿಷಯವೋ, ಯಾರು ಕೇಳಿದರು. ಹಾಗೆ ಮುಗಿಸಿಕೊಡುವುದನ್ನು ನಾವು ಉಪಕಾರ ಅಂತ ತಿಳಿದಿದ್ದೆವು. ಅದರಲ್ಲಿ ನಾನು ಊರಿಗೇ ಚುರುಕು. ಅವರ ತುಟಿ ಕೂಡಿದರೆ ಸಾಕು, “ಗೊತ್ತಾಯ್ತು ಮಾವ” ಅಂದುಬಿಡುತ್ತಿದ್ದೆ.

ಅವರಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದವಳು. ಲಿಂಗಯ್ಯ ಮಾವ ತಮ್ಮ ತಾಯಿಯ ಹೆಸರನ್ನು ಮಗಳಿಗೆ ಇಟ್ಟಿದ್ದರು, ದಾಕ್ಷಾಯಿಣಿ. ಇಟ್ಟ ಹೆಸರನ್ನು ಒಮ್ಮೆಯೂ ಕರೆದವರಲ್ಲ. ‘ಮಗ’ ಅನ್ನುತ್ತಿದ್ದರು, ಇಲ್ಲವೇ ಚಪ್ಪಾಳೆ ತಟ್ಟುತ್ತಿದ್ದರು. ಆ ಹುಡುಗಿ ಎಷ್ಟೋ ಸಲ ಕೈ ಚಾಚಿ “ಕೊಡಪ್ಪ, ನಾನು ತಗೋತೀನಿ” ಅಂದದ್ದನ್ನು ಕಂಡಿದ್ದೇನೆ. ಆಗೆಲ್ಲ ಅವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ನಾನು ಹೋಗಿ ಕೇಳಿದಾಗ ಅವರು ಗಿರಣಿಯ ಪಟ್ಟಿ ಕಳಚಿ, ಕೈ ಒರೆಸಿಕೊಂಡು, ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗೈ ಚಾಚಿದರು. ‘ಕೊಟ್ಟೆ’ ಅನ್ನಲು ಅವರಿಗೆ ತುಂಬ ಹೊತ್ತು ಹಿಡಿಯಿತು. ಈ ಮಾತನ್ನು ಮಾತ್ರ ಯಾರೂ ಮುಗಿಸಿಕೊಡುವಂತಿಲ್ಲ, ಕೊಡುವವರೇ ಪೂರ್ತಿ ಅನ್ನಬೇಕು. ಅವರು ಕ್... ಕ್... ಅನ್ನುತ್ತಿದ್ದರೆ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಕೊನೆಗೆ ಮಾತು ಬಂತು, ನಾನು ‘ತಗೊಂಡೆ’ ಅಂದೆ, ನನ್ನ ನಾಲಿಗೆಯ ಬುಡದಲ್ಲಿ ಏನೋ ಬಂದು ಕೂತಿತು.

ಅವರು ಗಂಟಲು ಸರಿಮಾಡಿಕೊಂಡರು. “ಪಾರಿ,” ಅಂದರು ನಿಧಾನವಾಗಿ, ಒಂದೊಂದೇ ಮಾತನ್ನು ಮುಟ್ಟಿ ನೋಡುವವರ ಹಾಗೆ, “ಬಾಯಿ ಮುಚ್ಕೊಂಡಿದ್ರೆ ಇದು ಭಾರ ಇಲ್ಲ ಕಣವ್ವ. ಬಾಯಿ ಬಿಟ್ಟಾಗಲೇ ಭಾರ. ಇದನ್ನ ಹೊರೋದು ಅಂದ್ರೆ ಮಾತಾಡೋದು. ಮಾತಾಡ್ತಾ ಇರು.” ನಾನು ತಲೆಯಾಡಿಸಿದೆ.

ಅದೇ ಸಂಜೆ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಕೇಳಲು ಹೋದೆ. ಕ್... ಕ್... ಆ ಸದ್ದು ನನ್ನ ಬಾಯಿಂದ ಬರುತ್ತಿದೆ ಅಂತ ನನಗೇ ನಂಬಿಕೆ ಬರಲಿಲ್ಲ. ಕುತ್ತಿಗೆ ಬಿಗಿಯಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಂಗಡಿಯವಳು “ಕರಿಬೇವಾ? ತಗೋ” ಎಂದು ನನ್ನ ಚೀಲಕ್ಕೆ ಕರಿಬೇವು ತುರುಕಿದಳು. ಅಲ್ಲ ಅನ್ನಲು ಮತ್ತೆ ಬಾಯಿ ತೆರೆಯಬೇಕಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಮಾತಿನಮಲ್ಲಿ ಪಾರಿಗೆ ಕೊತ್ತಂಬರಿ ಕೇಳಲು ಬಾರದು ಅನ್ನುವುದನ್ನು ಕಂಡು ಯಾರು ತಾನೇ ನಗುವುದಿಲ್ಲ. ಕರಿಬೇವು ಹಿಡಿದುಕೊಂಡೇ ಮನೆಗೆ ಬಂದೆ.

ಮಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು, ತುಟಿಯ ಮೇಲೆ ಬೆರಳಿಟ್ಟು, ಹುಣ್ಣಿಮೆಯವರೆಗೆ ಮೌನವ್ರತ ಎಂದು ಸನ್ನೆ ಮಾಡಿದೆ. ಬೀದಿಯೇ ಬೆರಗಾಯಿತು. “ಉಗ್ಗೂ ಹೊತ್ತವಳೆ, ವ್ರತವೂ ಹಿಡಿದವಳೆ. ಎರಡೆರಡು ಹೊರೆ ನೋಡಿ” ಅಂದರು ವಾರ್ಡಿನ ಹಿರಿಯ ಮರಿಸ್ವಾಮಪ್ಪ. ಅಮ್ಮ ಮಾತ್ರ ಹಾಲಿನ ಕ್ಯಾನು ತೊಳೆಯುತ್ತ, “ಮನೆ ಒಳಗೆ ಕೂತ್ಕೊಂಡು ಬಿಸಿಲಿಗೆ ಕೊಡೆ ಹಿಡಿದ್ರಂತೆ” ಅಂದಳು. ನಾನು ಕೇಳಿಸದವಳಂತೆ ಒಳಗೆ ಹೋದೆ. ವ್ರತ ಎಷ್ಟು ಸುಖವಾಗಿತ್ತೆಂದರೆ, ಸೀಟು ಸಿಕ್ಕಿಯೇ ಬಿಟ್ಟಿತೆಂದು ಹಾಸ್ಟೆಲಿಗೆ ಬೇಕಾದ ಬಟ್ಟೆ ಮಡಚಿಡಲು ಶುರು ಮಾಡಿದೆ.

ಇತ್ತ ಲಿಂಗಯ್ಯ ಮಾವ ಗಿರಣಿ ನಿಲ್ಲಿಸಿ ನಿಲ್ಲಿಸಿ ಮಾತಾಡುತ್ತಿದ್ದರು. ಹಿಟ್ಟಿಗೆ ಬಂದವರು ಸಾಲಾಗಿ ನಿಂತಿದ್ದರೂ ಬಿಡದೆ, ಮಳೆ, ರಾಗಿ, ತಮ್ಮ ಮದುವೆಯಲ್ಲಿ ಬೀಗರು ಉಪ್ಪಿಟ್ಟಿಗೆ ಜಗಳ ತೆಗೆದದ್ದು, ಎಲ್ಲ ಹೇಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಮಗಳನ್ನು ಕರೆಯುತ್ತಿದ್ದರು. “ದಾಕ್ಷಾಯಿಣೀ.” ಅವಳು ಓಡಿ ಬಂದು ಏನಪ್ಪ ಅಂದರೆ, “ಏನಿಲ್ಲ, ಹೋಗು” ಅನ್ನುತ್ತಿದ್ದರು. ಅವಳು ನಗುತ್ತ ಹೋಗುವಳು. ಸ್ವಲ್ಪ ಹೊತ್ತಿಗೆ ಮತ್ತೆ ದಾಕ್ಷಾಯಿಣೀ. ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಬಹುಮಾನ ಬಂದ ಮಕ್ಕಳನ್ನು ಅವರವರ ತಂದೆಯೋ ತಾಯಿಯೋ ವೇದಿಕೆ ಹತ್ತಿ ಮೈಕಿನಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇದೆ. ಓಟದಲ್ಲಿ ದಾಕ್ಷಾಯಿಣಿಗೆ ಪ್ರತಿ ವರ್ಷ ಬಹುಮಾನ. ಪ್ರತಿ ವರ್ಷ ಅವಳನ್ನು ಕರೆಯುವವರು ಡ್ರಿಲ್ ಮೇಷ್ಟ್ರು. ಈ ಸಲದ ವಾರ್ಷಿಕೋತ್ಸವ ಹುಣ್ಣಿಮೆಯ ಹಿಂದಿನ ದಿನಕ್ಕೆ ಬಿದ್ದಿತ್ತು. ಲಿಂಗಯ್ಯ ಮಾವ ಹಿಟ್ಟಿನ ಡಬ್ಬದ ಮುಂದೆ ನಿಂತು, “ಬೋರಲಿಂಗಯ್ಯನ ಮಗಳು ದಾಕ್ಷಾಯಿಣಿ, ವೇದಿಕೆಗೆ ಬಾ” ಎಂದು ಅಭ್ಯಾಸ ಮಾಡುವುದು ನಮ್ಮ ಮನೆಗೂ ಕೇಳುತ್ತಿತ್ತು.

ವಾರ್ಷಿಕೋತ್ಸವ ಇನ್ನೇನು ಹತ್ತಿರ ಬಂತು ಅನ್ನುವಾಗ ನಾನೊಂದು ಮಧ್ಯಾಹ್ನ ರಾಗಿ ಬೀಸಿಸಲು ಹೋದೆ. ಗಿರಣಿ ಓಡುತ್ತಿತ್ತು, ಮಾವ ಒಳಗಿದ್ದರು. ಹೊರಗಿನ ಸಾಲಿನಲ್ಲಿ ಸಾಕಮ್ಮಜ್ಜಿ ಮತ್ತು ಮರಿಸ್ವಾಮಪ್ಪ ರಾಗಿಯ ಬೆಲೆ ಬಗ್ಗೆ ವಾದ ಮಾಡುತ್ತಿದ್ದರು. ಅಜ್ಜಿಯ ಪುಟ್ಟ ಮೊಮ್ಮಗ ಮೆಟ್ಟಿಲ ಮೇಲೆ ಕೂತು ಮಣ್ಣಾಡುತ್ತಿದ್ದ. ಹಸಿರು ಶಾಲು ಹೊದ್ದು ಕಿವಿಗೆ ಹತ್ತಿ ಇಟ್ಟುಕೊಂಡಿದ್ದ ಒಬ್ಬ ಮನುಷ್ಯ, ನಮ್ಮ ಬೀದಿಯವನಲ್ಲ, ಮಗುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಅಂಗೈಯಲ್ಲಿ ಪೆಪ್ಪರ್‌ಮೆಂಟು ಇಟ್ಟ. ಇಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. ಅವನ ತುಟಿ ಅಲುಗಿದ್ದು ನನಗೆ ಕಂಡಿತು. ಎದ್ದು, ಕಿವಿಯ ಹತ್ತಿ ಕಿತ್ತು ಬಿಸಾಡಿ, ರೈಲ್ವೆ ಗೇಟಿನ ಕಡೆಗೆ ನಡೆದ. ಕಂಡದ್ದೇನೆಂದು ನನಗೆ ಪೂರ್ತಿ ಅರ್ಥವಾಗುವ ಮೊದಲೇ ಮಗು ಎದ್ದು ಮುಗ್ಗರಿಸಿ ಬಿತ್ತು. ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ದಾಕ್ಷಾಯಿಣಿ ಗಾಬರಿಯಲ್ಲಿ ಮಣಿಕಟ್ಟು ಗಿಣಿಕಟ್ಟು ನೋಡದೆ ಅದರ ಕೈ ಹಿಡಿದೆತ್ತಿದಳು. ಅದೇ ಗಳಿಗೆಗೆ ಮಗು ಕಿವಿ ಹಿಡಿದುಕೊಂಡು ಕಿಟಾರನೆ ಕಿರುಚಿತು.

ಸಾಕಮ್ಮಜ್ಜಿ ತಿರುಗಿದಾಗ ಕಂಡದ್ದು ದಾಕ್ಷಾಯಿಣಿಯ ಕೈಯಲ್ಲಿದ್ದ ಮೊಮ್ಮಗನ ಕೈ ಮಾತ್ರ. “ಅಯ್ಯೋ ಪಾಪಿ, ನನ್ನ ಕೂಸಿಗೆ ಜಾರಿಸಿದ್ಯಲ್ಲೇ. ಏನು ಕಿವಿನೋವಾ? ನಿನ್ನ ಹಾಳು ಕಿವಿ ನನ್ನ ಮಗಿನ ಮೇಲೆ ಹಾಕಿದ್ಯಲ್ಲೇ” ಎಂದು ಎದೆ ಬಡಿದುಕೊಂಡಳು. ಜನ ಸೇರಿದರು. ಹುಡುಗಿ “ನಾನಲ್ಲಜ್ಜಿ, ನಾನಲ್ಲ” ಅನ್ನುತ್ತ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು.

ಗಿರಣಿ ನಿಂತಿತು. ಮಾವ ಹುಬ್ಬಿನ ಮೇಲೆಲ್ಲ ಹಿಟ್ಟು ಹೊತ್ತುಕೊಂಡು ಓಡಿಬಂದರು. “ನನ್ನ ಮಗಳು ಹಂಗೆ ಮಾಡೋಳಲ್ಲ ಸಾಕಮ್ಮ. ನನ್ನ ಉಗ್ಗನ್ನೇ ತಗೋತೀನಿ ಅಂತ ಕೈ ಚಾಚೋಳು, ತನ್ನದನ್ನ ಮಗಿನ ಮೇಲೆ ಹಾಕ್ತಾಳಾ? ಯೋಚನೆ ಮಾಡು” ಎಂದರು. ಇಷ್ಟು ವರ್ಷದಲ್ಲಿ ಮಗಳ ಪರವಾಗಿ ಅವರು ಜೋರಾಗಿ ಆಡಿದ ಮೊದಲ ಮಾತು ಅದು. ಆದರೆ ತಂದೆಯ ಮಾತು ಸಾಕ್ಷಿಯಾಗುವುದಿಲ್ಲ. ಮರಿಸ್ವಾಮಪ್ಪ ತಲೆ ಕೆರೆದುಕೊಂಡು, “ಕಂಡೋರು ಯಾರಾದ್ರೂ ಇದ್ರೆ ಹೇಳ್ಲಿ ಲಿಂಗಯ್ಯ. ಇಲ್ದಿದ್ರೆ ಚೀಲ ತರ್ಸಬೇಕಾಯ್ತದೆ” ಅಂದರು.

ದಾಕ್ಷಾಯಿಣಿ ನನ್ನ ಕಡೆ ತಿರುಗಿದಳು. “ಪಾರಿ ಅಕ್ಕ ಇಲ್ಲೇ ನಿಂತಿದ್ರು. ಅವ್ರು ನೋಡಿರ್ತಾರೆ. ಹೇಳಿ ಅಕ್ಕ.”

ಎಲ್ಲರೂ ನನ್ನನ್ನು ನೋಡಿದರು. ‘ಅವಳಲ್ಲ’ ಅನ್ನುವ ಒಂದು ಮಾತು ಸಾಕಿತ್ತು. ಹಸಿರು ಶಾಲಿನವನು ಇನ್ನೂ ಬೀದಿಯ ಕೊನೆಯಲ್ಲಿ ಕಾಣುತ್ತಿದ್ದ, ಕೈ ಮಾಡಿ ತೋರಿಸಿದ್ದರೂ ಆಗುತ್ತಿತ್ತು. ತೋರಿಸಿದರೆ ಏನು, ಯಾರು, ಏನಾಯ್ತು ಎಂದು ಕೇಳುತ್ತಾರೆ, ಆಗ ಬಾಯಿ ತೆರೆಯಬೇಕಾಗುತ್ತದೆ. ಅಷ್ಟು ಜನರ ಮುಂದೆ ಕುತ್ತಿಗೆ ಬಿಗಿದು ಕಣ್ಣು ಮುಚ್ಚಿಕೊಂಡು ಅ... ಅ... ಅನ್ನುತ್ತ ನಿಲ್ಲುವ ನನ್ನ ಮುಖ ನನಗೆ ಕಂಡಿತು. ಕಿಸಕ್ಕೆಂದ ಆ ನಗು ಕೇಳಿಸಿತು. ನಾನು ತುಟಿಯ ಮೇಲೆ ಬೆರಳಿಟ್ಟು, ಕೈ ಜೋಡಿಸಿ, ಆಕಾಶದ ಕಡೆ ತೋರಿಸಿದೆ.

“ವ್ರತ, ಪಾಪ. ಮುರಿಸಬಾರದು” ಅಂದರು ಯಾರೋ.

ಮಾವ ನನ್ನ ಹತ್ತಿರ ಬಂದರು. ನನ್ನ ಕಣ್ಣನ್ನಲ್ಲ, ಗಂಟಲನ್ನು ನೋಡಿದರು. ಅಲ್ಲಿ ನರ ಬಿಗಿದಿತ್ತು. ಆ ಬಿಗಿತ ಅವರದೇ, ಬಾಲ್ಯದಿಂದ ಅವರ ಜೊತೆ ಬೆಳೆದದ್ದು, ಅವರಿಗೆ ಗುರುತು ಸಿಗದೆ ಇರುತ್ತದೆಯೇ. “ವ್ರತ ಅಲ್ಲ ಇದು,” ಅಂದರು ನನಗೆ ಮಾತ್ರ ಕೇಳುವ ಹಾಗೆ. ಹಿಟ್ಟಿನ ಅಂಗೈಯನ್ನು ಮುಂದೆ ಚಾಚಿದರು. “ಕೊಡು ಇಲ್ಲಿ.”

“ಹುಣ್ಣಿಮೆಗೆ ಮೊದಲೇ ತಗೊಂಡ್ರೆ ಅವಳ ಸೀಟಿನ ಗತಿ?” ಅಂದರು ಮರಿಸ್ವಾಮಪ್ಪ. “ಒಂದು ಸಲ ವಾಪಸು ತಗೊಂಡಿದ್ದನ್ನ ಅದೇ ಕೈಗೆ ಮತ್ತೆ ವರ್ಷ ಕಳೆಯೋವರೆಗೂ ಕೊಡೋಕಾಗಲ್ಲ ಲಿಂಗಯ್ಯ.” ಮಾವ ಅವರ ಕಡೆ ನೋಡಲೂ ಇಲ್ಲ. ವಾರ್ಷಿಕೋತ್ಸವದ ಮಾತು ಎತ್ತಲಿಲ್ಲ. ಅಂಗೈ ನನ್ನ ಮುಂದೆ ಹಾಗೇ ಇತ್ತು.

ನಾನು ಅಂಗೈ ಕೂಡಿಸಿದೆ. ಆಗ ನೆನಪಾಯಿತು, ‘ಕೊಟ್ಟೆ’ ಅನ್ನುವುದನ್ನು ಕೊಡುವವರೇ ಪೂರ್ತಿ ಅನ್ನಬೇಕು. ಕ್... ಕ್... ಎಂದು ಶುರುವಾಯಿತು. ನಾನು ಹೆದರಿದ್ದೆಲ್ಲ ಆಯಿತು, ಕುತ್ತಿಗೆ ಬಿಗಿಯಿತು, ಕಣ್ಣು ಮುಚ್ಚಿತು, ಎಂಜಲು ಗದ್ದಕ್ಕೆ ಇಳಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ನನ್ನ ಹೆದರಿಕೆಗೆ ಒಂದು ಅರ್ಥವಾದರೂ ಇರುತ್ತಿತ್ತು. ಎಲ್ಲರೂ ಸುಮ್ಮನೆ ಕಾದರು, ಮಗುವಿನ ಅಳು ಮಾತ್ರ ಕೇಳುತ್ತಿತ್ತು. ಆ ಒಂದು ಮಾತು ಮುಗಿಯುವ ಹೊತ್ತಿಗೆ ‘ಅವಳಲ್ಲ’ ಅನ್ನುವುದನ್ನು ಎಷ್ಟೋ ಸಲ ಹೇಳಿ ಮುಗಿಸಬಹುದಿತ್ತು.

ಮಾವ ‘ತಗೊಂಡೆ’ ಅಂದರು. ನನ್ನ ನಾಲಿಗೆ ಹಗುರಾಯಿತು. ಆಮೇಲೆ ನೋಡಬೇಕಿತ್ತು ನನ್ನ ಬಾಯನ್ನು. ಹಸಿರು ಶಾಲು, ಪೆಪ್ಪರ್‌ಮೆಂಟು, ಕಿವಿಯ ಹತ್ತಿ, ಒಂದೂ ಬಿಡದೆ ಪಟಪಟ ಹೇಳಿದೆ. ನಾಲ್ಕು ಜನ ಓಡಿದರು. ಅಷ್ಟರಲ್ಲಿ ಅವನು ಗೇಟು ದಾಟಿಯಾಗಿತ್ತು, ಇನ್ನು ಅವನಿಗೆ ಅದನ್ನು ವಾಪಸು ಕೊಡುವ ದಾರಿಯಿರಲಿಲ್ಲ. ಸಾಕಮ್ಮಜ್ಜಿ ಅಳುತ್ತಲೇ ದಾಕ್ಷಾಯಿಣಿಯ ಗಲ್ಲ ಸವರಿ, ಮೊಮ್ಮಗನ ಕಿವಿನೋವನ್ನು ತಾನೇ ತಗೊಂಡು, ಸೆರಗನ್ನು ಕಿವಿಗೆ ಬಿಗಿದುಕೊಂಡಳು. ಮಾವ ಮಗಳ ಮುಂದೆ ನಿಂತು ‘ದ್... ದ್...’ ಅಂದರು. ಸ್ವಲ್ಪ ಹೊತ್ತು ಪ್ರಯತ್ನಪಟ್ಟರು. ಕೊನೆಗೆ “ಮಗ” ಎಂದು ಅವಳ ತಲೆ ಸವರಿ ಒಳಗೆ ಹೋಗಿ ಗಿರಣಿ ಹಾಕಿದರು.

ಅಂದಿನಿಂದ ನಾನು ಊರಿಗೆ ದೊಡ್ಡವಳಾಗಿಬಿಟ್ಟೆ. ವ್ರತ ಮುರಿದು, ಸೀಟು ಪಣಕ್ಕಿಟ್ಟು ಹೆಣ್ಣುಮಗುವಿನ ಕೈ ಉಳಿಸಿದವಳು ಪಾರಿ. ಹಾಲಿನ ಬೂತಿಗೆ ಬಂದವರೆಲ್ಲ ಅಮ್ಮನ ಮುಂದೆ ನನ್ನನ್ನು ಹೊಗಳಿ ಹೋದರು. “ಲಿಂಗಯ್ಯ ಹೊತ್ತಳು ಅಂತಾನೆ ಹೇಳ್ತಾನೆ, ಮಗಳ ಕೈ ಉಳಿಸಿದೋಳಲ್ವಾ. ನಿಂಗೆ ಸೀಟು ಗ್ಯಾರಂಟಿ” ಅಂದರು ಮರಿಸ್ವಾಮಪ್ಪ. ನನ್ನ ಬಾಯಿ ನನಗೆ ವಾಪಸು ಬಂದಿತ್ತು, ಆದರೂ ಇಲ್ಲ ಅನ್ನಲಿಲ್ಲ. ಆಗ ಯಾವ ಉಗ್ಗೂ ಇರಲಿಲ್ಲ, ಬರೀ ನಾನಿದ್ದೆ.

ದಾಕ್ಷಾಯಿಣಿ ಒಂದು ಡಬ್ಬಿ ಹುರಿಹಿಟ್ಟು ತಂದಳು. “ನಿಮ್ಮಿಂದ ನನ್ನ ಕೈ ಉಳೀತಕ್ಕ” ಅಂದಳು. ಅಪ್ಪ ಕಳಿಸಿದರಾ ಎಂದು ಕೇಳಿದೆ. “ಇಲ್ಲ, ನಾನೇ ಮಾಡಿದ್ದು. ಸ್ಕೂಲ್ ಡೇಗೆ ಬನ್ನಿ. ಈ ಸಲಾನೂ ಡ್ರಿಲ್ ಸಾರೇ ಕರೀತಾರೆ. ಪರವಾಗಿಲ್ಲ, ಅಭ್ಯಾಸ ಇದೆ” ಎಂದು ನಕ್ಕು ಓಡಿದಳು.

ಡಬ್ಬಿ ಹಿಡಿದುಕೊಂಡು ನಾನು ಕೂತೇ ಇದ್ದೆ. ಅಮ್ಮ ಬಂದು ನನ್ನ ಮುಖ ನೋಡಿ, “ಏನಾಯ್ತೇ?” ಅಂದಳು. ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಡಬ್ಬಿಯನ್ನೇ ನೋಡುತ್ತ, “ಆ ಕೂಸು ತಂದ್ಕೊಟ್ಟಾಗ ಇಸ್ಕೊಂಡ್ಯಲ್ಲೇ” ಅಂದಳು, ಅಷ್ಟೇ.

ವಾರ್ಷಿಕೋತ್ಸವಕ್ಕೆ ನಾನು ಹೋಗಲಿಲ್ಲ. ಮೈಕು ಊರಿಗೆಲ್ಲ ಕೇಳುತ್ತಿತ್ತು. ಒಬ್ಬೊಬ್ಬ ತಂದೆ, ಒಬ್ಬೊಬ್ಬ ತಾಯಿ ಬಂದು ತಮ್ಮ ಮಕ್ಕಳನ್ನು ಕರೆದರು. ಆಮೇಲೆ ಡ್ರಿಲ್ ಮೇಷ್ಟ್ರ ಗಡಸು ಧ್ವನಿ ಬಂತು, “ಓಟದ ಸ್ಪರ್ಧೆ, ಪ್ರಥಮ ಬಹುಮಾನ, ದಾಕ್ಷಾಯಿಣಿ.” ನಾನು ಬಾಗಿಲು ಹಾಕಿಕೊಂಡೆ. ಸಂಜೆ ಗಿರಣಿಗೆ ಹೋಗಿ “ತಪ್ಪಾಯ್ತು ಮಾವ” ಅಂದೆ. ಗಿರಣಿ ಓಡುತ್ತಿತ್ತು. ಅವರು ಕಿವಿ ತೋರಿಸಿ, ಕೇಳಿಸುತ್ತಿಲ್ಲ ಎಂದು ಕೈಯಾಡಿಸಿದರು. ನಿಜಕ್ಕೂ ಕೇಳಿಸಲಿಲ್ಲವೋ ಏನೋ, ಅವರು ಗಿರಣಿ ನಿಲ್ಲಿಸಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಪುರಭವನ ತುಂಬಿತ್ತು. ನನಗಿಂತ ಮೊದಲು ಒಬ್ಬ ಹುಡುಗ ಬೆನ್ನುನೋವು ಹೊತ್ತಿದ್ದ, ಒಬ್ಬಳು ದಮ್ಮು ಹೊತ್ತಿದ್ದಳು. ಇಬ್ಬರ ಮುಖವೂ ಬಾಡಿಹೋಗಿತ್ತು, ಇಬ್ಬರಿಗೂ ಸೀಟು ಸಿಕ್ಕಿತು. ನನ್ನ ಹೆಸರು ಕರೆದರು. ವೇದಿಕೆಯ ಮೇಲೆ ಮಾವ ನನ್ನ ಪಕ್ಕ ಬಂದು ನಿಂತರು. ಒಗೆದ ಬಿಳಿ ಅಂಗಿ ಹಾಕಿದ್ದರು, ಬಹುಶಃ ನಿನ್ನೆಯ ದಿನಕ್ಕೆಂದು ತೆಗೆದಿಟ್ಟದ್ದು. ಮುಂದಿನ ಸಾಲಿನಲ್ಲಿ ದಾಕ್ಷಾಯಿಣಿ ಕೂತಿದ್ದಳು.

“ಹೊತ್ತರಾ?” ಎಂದು ಮೇಡಂ ಕೇಳಿದರು.

“ಅ... ಅ... ಅವ್...” ಎಂದು ಮಾವ ಶುರು ಮಾಡಿದರು.

“ಅವಳು ಹೊತ್ತಳು ಅಂತಾವ್ರೆ ಮೇಡಂ, ಬರ್ಕೊಳ್ಳಿ” ಎಂದರು ಮರಿಸ್ವಾಮಪ್ಪ ಕೆಳಗಿನಿಂದ. “ಹೌದು ಹೌದು, ಹೊತ್ತಳು. ನಾವೆಲ್ಲ ನೋಡಿದೀವಿ” ಎಂದು ಸಾಕಮ್ಮಜ್ಜಿ ಕಿವಿಯ ಬಟ್ಟೆ ಒತ್ತಿಕೊಂಡೇ ಕೂಗಿದಳು. ಸಭೆಗೆ ಸಭೆಯೇ ತಲೆಯಾಡಿಸಿತು. ಮೇಡಂ ಪೆನ್ನು ತೆಗೆದರು. ಮಾವ ಕೈಯೆತ್ತಿದ್ದರು, ತಡೆಯುವವರ ಹಾಗೆ. ಅದನ್ನು ಯಾರೂ ನೋಡಲಿಲ್ಲ. ಅವರು ಕೈಯೆತ್ತುವುದು, ಜನ ನೋಡದಿರುವುದು ನಮ್ಮೂರಿಗೆ ಹೊಸದಲ್ಲ.

ನನಗೆ ಕಂಡಿತು. ಅವರು ಏನು ಹೇಳಲಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದರೆ ಸೀಟು ನನ್ನದು. ಸುಮ್ಮನಿರುವುದರಲ್ಲಿ ನಾನೀಗ ಪಳಗಿದ್ದೆ. ಮಡಚಿಟ್ಟ ಬಟ್ಟೆ, ಹಾಸ್ಟೆಲಿನ ಕೋಣೆ, ಯಾರ ತಲೆಶೂಲೆಯೂ ಬಂದು ಮುಟ್ಟದ ಎರಡು ವರ್ಷ, ಎಲ್ಲ ಆ ಪೆನ್ನಿನ ತುದಿಯಲ್ಲಿತ್ತು.

“ಬರೀಬೇಡಿ ಮೇಡಂ,” ಅಂದೆ. “ಅವ್ರು ಇನ್ನೂ ಹೇಳಿ ಮುಗಿಸಿಲ್ಲ.”

ಮೇಡಂ ಪೆನ್ನು ಕೆಳಗಿಟ್ಟು ಮಾವನ ಕಡೆ ನೋಡಿದರು. ಮಾವ ಮತ್ತೆ ಮೊದಲಿನಿಂದ ಶುರು ಮಾಡಿದರು. ಮರಿಸ್ವಾಮಪ್ಪನ ಬಾಯಿ ಇನ್ನೊಂದು ಸಲ ತೆರೆದು ಮುಚ್ಚಿಕೊಂಡಿತು. ಒಂದೊಂದು ಅಕ್ಷರಕ್ಕೂ ಅವರ ಕುತ್ತಿಗೆ ಬಿಗಿಯುವುದನ್ನು ನೋಡುತ್ತ ನಾನು ನಿಂತೆ. ಈ ಸಲ ಗಡಿಯಾರ ನೋಡಲಿಲ್ಲ.

“ಅವಳು ಹೊ... ಹೊರಲಿಲ್ಲ,” ಅಂದರು ಮಾವ. ಉಸಿರು ತಗೊಂಡು ಇನ್ನೊಂದು ಮಾತಿಗೆ ತಡಕಾಡಿದರು. “ಬ್... ಬ್... ಬಚ್ಚಿಟ್ಟಿದ್ಲು.”

“ಏನ್ ಮಾತು ಅಂತ ಆಡ್ತೀಯ ಲಿಂಗಯ್ಯ, ವ್ರತ ಮುರಿದು ನಿನ್ನ ಮಗಳನ್ನ ಉಳಿಸಿದೋಳು” ಎಂದರು ಮರಿಸ್ವಾಮಪ್ಪ. ಜನ ಗುಜುಗುಜು ಅಂದರು.

“ವ್ರತ ಇರಲಿಲ್ಲ,” ಅಂದೆ ನಾನು. “ಉಗ್ಗೋಕೆ ನಾಚಿಕೆ ಆಗಿತ್ತು. ಅದಕ್ಕೇ ಆವತ್ತು ಹೇಳಲಿಲ್ಲ.”

ದಾಕ್ಷಾಯಿಣಿ ನನ್ನನ್ನು ನೋಡಿದಳು. ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ನನ್ನಿಂದ ಕಣ್ಣು ತೆಗೆದು ಮಡಿಲಲ್ಲಿದ್ದ ತನ್ನ ಬಲಗೈಯನ್ನು ನೋಡಿಕೊಂಡಳು. ಸೀಟು ಹೋದದ್ದಕ್ಕೆ ನನಗೆ ಆಗ ದುಃಖವಾಗಲಿಲ್ಲ, ಆ ಹುಡುಗಿ ತನ್ನ ಕೈ ನೋಡಿಕೊಂಡದ್ದಕ್ಕೆ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮೇಡಂ ಮುಂದಿನ ಹೆಸರು ಕರೆದರು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಮುಂದೆ ನಡೆದಳು. ಪುರಭವನದ ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಆ ಸದ್ದು ಕೇಳಿತು. “ಪ್... ಪ್...”

ಎಂದಿನ ಪಾರಿಯಾಗಿದ್ದರೆ ‘ಗೊತ್ತಾಯ್ತು ಮಾವ’ ಎಂದು ಹೊರಟುಬಿಡುತ್ತಿದ್ದೆ. ತಿರುಗಿ ನಿಂತೆ. ಅಮ್ಮನೂ ನಿಂತಳು. ಮಾವ ನಾಲ್ಕು ಹೆಜ್ಜೆ ದೂರದಲ್ಲಿದ್ದರು, ಅವರ ಹಿಂದೆ ದಾಕ್ಷಾಯಿಣಿ ಬೇರೆಲ್ಲೋ ನೋಡುತ್ತ ನಿಂತಿದ್ದಳು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

“ಪಾ... ಪಾರಿಜಾತ,” ಅಂದರು ಮಾವ. ಉಗ್ಗು ಇಟ್ಟುಕೊಂಡು ನನ್ನ ಪೂರ್ತಿ ಹೆಸರನ್ನು ಅವರು ಯಾವತ್ತೂ ಅಂದಿರಲಿಲ್ಲ, ಅನ್ನಲು ನಾನು ಬಿಟ್ಟಿರಲಿಲ್ಲ. “ಮ್... ಮುಂದಿನ ವರ್ಷ ಬಾ.”

ಆಯ್ತು ಮಾವ ಅನ್ನಲು ಬಾಯಿ ತೆರೆದೆ. ಅವರ ತುಟಿ ಇನ್ನೂ ಕೂಡಿಯೇ ಇತ್ತು. ಬಾಯಿ ಮುಚ್ಚಿ ಕಾದೆ.

“ಮ್... ಮಾತಾಡೋದಾದ್ರೆ ಬಾ.”

“ಮಾತಾಡ್ತೀನಿ ಮಾವ” ಅಂದೆ. ಆ ಮಾತು ನನ್ನ ಬಾಯಿಂದ ಒಂದೇ ಉಸಿರಿಗೆ ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೇ ನನಗೆ ನಾಚಿಕೆಯಾಯಿತು.